ಕಾಸಿ ಆರ್ಚ್ ನೋಡಲು ಹೋಗುವವರಿಗೆ: ಮೊದಲು ಹಳ್ಳಕ್ಕೆ ಇಳಿಯಿರಿ

ಇಂಗ್ಲೆಂಡಿನ ಈಶಾನ್ಯ ಮೂಲೆಗೆ ಓದಲು, ಕೆಲಸಕ್ಕೆ ಅಂತ ಬಂದಿರುವ ಕನ್ನಡದವರು ಸಾಕಷ್ಟು ಜನ ಇದ್ದೀರಿ. ಊರಿನಿಂದ ಅಪ್ಪ ಅಮ್ಮ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ಕೇಳಿದರೆ ಡರಂ ಕ್ಯಾಥೆಡ್ರಲ್, ಹೇಡ್ರಿಯನ್ ಗೋಡೆ, ಬೀಮಿಶ್ ಮ್ಯೂಸಿಯಂ, ಈ ಮೂರು ಹೆಸರು ಎಲ್ಲರ ಬಾಯಲ್ಲೂ ಬರುತ್ತವೆ. ಬೀಮಿಶ್‌ಗೆ ಅಷ್ಟು ಹತ್ತಿರದಲ್ಲೇ ಇರುವ ಕಾಸಿ ಆರ್ಚ್ ಹೆಸರು ಮಾತ್ರ ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೇಗೆ ಹೋಗಬೇಕು ಅನ್ನುವುದಕ್ಕಿಂತ, ಹೋದ ಮೇಲೆ ಹೇಗೆ ನೋಡಬೇಕು ಅನ್ನುವುದನ್ನು ಇಲ್ಲಿ ಜಾಸ್ತಿ ಹೇಳುತ್ತೇನೆ. ಯಾಕೆಂದರೆ ಹೋಗುವುದು ಸುಲಭ, ನೋಡುವುದರಲ್ಲೇ ತಪ್ಪುತ್ತೇವೆ.

ಇದೊಂದು ಕಲ್ಲಿನ ಸೇತುವೆ, ಒಂದೇ ಕಮಾನು. 1725ರಲ್ಲಿ ಕೆಲಸ ಶುರುವಾಗಿ 1726ರಲ್ಲಿ ಮುಗಿಯಿತು. ರೈಲು ದಾರಿಗೆಂದೇ ಕಟ್ಟಿ ಇವತ್ತಿಗೂ ನಿಂತಿರುವ ಒಂಟಿ ಕಮಾನಿನ ಸೇತುವೆಗಳಲ್ಲಿ ಪ್ರಪಂಚದಲ್ಲೇ ಹಳೆಯದು. ಹಳಿಯ ಮೇಲೆ ಓಡುವ ಉಗಿ ಎಂಜಿನ್ ಬಂದದ್ದು 1804ರಲ್ಲಿ. ಅಂದರೆ ಎಂಜಿನ್ ಹುಟ್ಟುವುದಕ್ಕೆ ಹತ್ತಿರ ಹತ್ತಿರ 80 ವರ್ಷ ಮುಂಚೆಯೇ ರೈಲಿಗೆ ಸೇತುವೆ ರೆಡಿ ಇತ್ತು.

ಮೊದಲ ಸಲ ಹೋದಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಕಾರು ನಿಲ್ಲಿಸಿ, ದಾರಿಯಲ್ಲಿ ನಡೆದು, ಸೀದಾ ಸೇತುವೆಯ ಮೇಲೆ ಹೋಗಿ ನಿಂತೆ. ಮೇಲಿನಿಂದ ನೋಡಿದರೆ ಅದೊಂದು ಕಾಲುದಾರಿ, ಎರಡೂ ಕಡೆ ಮೋಟು ಗೋಡೆ, ಆಚೆ ಮರಗಳು, ಅಷ್ಟೇ. ನಾಲ್ಕು ಫೋಟೋ ತೆಗೆದು ಇಪ್ಪತ್ತು ನಿಮಿಷದಲ್ಲಿ ವಾಪಸ್ ಬಂದೆ. ಕಾಲ ಕೆಳಗೆ 80 ಅಡಿ ಆಳ ಇದೆ, ನಾನು ನಿಂತಿರುವುದು 31 ಮೀಟರ್ ಅಗಲದ ಒಂದು ಕಮಾನಿನ ನೆತ್ತಿಯ ಮೇಲೆ ಅನ್ನುವುದು ಗೊತ್ತೇ ಆಗಲಿಲ್ಲ. ಎರಡನೇ ಸಲ ಹೋದಾಗ ಮೊದಲು ಹಳ್ಳಕ್ಕಿಳಿದೆ. ಆಮೇಲೆ ಎಷ್ಟು ಸಲ ಹೋದೆನೋ ಲೆಕ್ಕ ಇಟ್ಟಿಲ್ಲ.

ಹೊರಡುವ ಮೊದಲು ತಲೆಯಲ್ಲಿ ಒಂದು ವಿಷಯ ಇಟ್ಟುಕೊಳ್ಳಿ. ರೈಲು ಅಂದ ತಕ್ಷಣ ನಮಗೆ ಎಂಜಿನ್, ಹೊಗೆ, ಕೂಗು ನೆನಪಾಗುತ್ತದೆ. ಅದನ್ನೆಲ್ಲ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇಲ್ಲಿ ಓಡಾಡಿದ್ದು ಕುದುರೆ. ಹಳಿ ಕಬ್ಬಿಣದ್ದಲ್ಲ, ಮರದ್ದು. ಚಕ್ರವೂ ಮರದ್ದೇ. ಸಾಮಾನು ಒಂದೇ ಒಂದು: ಕಲ್ಲಿದ್ದಲು. ಜನ ಹತ್ತುವ ಮಾತೇ ಇರಲಿಲ್ಲ. ಡರಂ ಸೀಮೆಯ ಗುಡ್ಡಗಳಲ್ಲಿ ಅಗೆದ ಕಲ್ಲಿದ್ದಲನ್ನು ಟೈನ್ ನದಿಗೆ ಇಳಿಸಬೇಕು, ಅಲ್ಲಿಂದ ದೋಣಿಗೆ, ದೋಣಿಯಿಂದ ಹಡಗಿಗೆ, ಹಡಗಿನಲ್ಲಿ ಲಂಡನ್‌ಗೆ. ಚಳಿಗಾಲದಲ್ಲಿ ಲಂಡನ್ನಿನ ಒಲೆಗಳು ಉರಿಯುತ್ತಿದ್ದದ್ದೇ ಈ ಕಡೆಯ ಕಲ್ಲಿದ್ದಲಿನಿಂದ. ಕಷ್ಟ ಇದ್ದದ್ದು ಗಣಿಯಿಂದ ನದಿಯವರೆಗಿನ ಆ ಕೆಲವು ಮೈಲಿಯಲ್ಲಿ. ಮಳೆ ಬಿದ್ದ ಮಣ್ಣಿನ ರಸ್ತೆಯಲ್ಲಿ ತುಂಬಿದ ಗಾಡಿ ಎಳೆಯುವುದು ಅಂದರೆ ಏನು ಅಂತ ನಮ್ಮ ಕಡೆ ಕಬ್ಬಿನ ಗಾಡಿ ಹೂತದ್ದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಭಾರವನ್ನು ನುಣ್ಣನೆಯ ಮರದ ಹಳಿಯ ಮೇಲಿಟ್ಟರೆ ಒಂದು ಕುದುರೆ ಎರಡೂವರೆ ಟನ್ ಎಳೆಯುತ್ತದೆ.

ಆದರೆ ಹಳಿಗೆ ಒಂದು ಷರತ್ತು ಇದೆ. ಇಳಿಜಾರು ಒಂದೇ ಸಮ ಇರಬೇಕು. ತುಂಬಿದ ಗಾಡಿ ಇಳಿಯುತ್ತದೆ, ಸಮತಟ್ಟಿನಲ್ಲೂ ಹೋಗುತ್ತದೆ, ಏರು ಬಂದರೆ ಮುಗಿಯಿತು. ಎತ್ತಿನ ಗಾಡಿಯಾಗಿದ್ದರೆ ಕಣಿವೆಗೆ ಇಳಿಸಿ, ಹಳ್ಳ ದಾಟಿಸಿ, ಇನ್ನೊಂದು ಜೊತೆ ಎತ್ತು ಕಟ್ಟಿ ಹೇಗೋ ಹತ್ತಿಸಬಹುದಿತ್ತು. ಹಳಿಯ ಮೇಲೆ ಅದು ಆಗದ ಕೆಲಸ. ಕಾಸಿ ಹಳ್ಳ ಹರಿಯುವುದು ಆಳದ ಕೊರಕಲಿನಲ್ಲಿ. ಹಾಗಾಗಿ ಎರಡೇ ದಾರಿ: ಕಣಿವೆಯನ್ನು ತುಂಬಿಸಬೇಕು, ಇಲ್ಲಾ ಮೇಲೆ ಸೇತುವೆ ಹಾಕಬೇಕು. ಅವರು ಎರಡನ್ನೂ ಮಾಡಿದರು. ಒಂದು ಕಡೆ ಸುಮಾರು 100 ಅಡಿ ಎತ್ತರಕ್ಕೆ ಮಣ್ಣಿನ ಏರಿ ಹಾಕಿ ನೀರು ಹೋಗಲು ಬುಡದಲ್ಲಿ ಸುರಂಗ ಬಿಟ್ಟರು. ಇನ್ನೊಂದು ಕಡೆ ಈ ಕಮಾನು ಎಬ್ಬಿಸಿದರು. ಕೆರೆ ಏರಿ ನೋಡಿ ಬೆಳೆದ ನಮಗೆ ಆ ಮಣ್ಣಿನ ಏರಿಯೂ ಇಷ್ಟವಾಗುತ್ತದೆ. ಸೇತುವೆ ನೋಡಿ ಸುಮ್ನೆ ವಾಪಸ್ ಬರಬೇಡಿ, ಅದನ್ನೂ ನೋಡಿ.

ದುಡ್ಡು ಯಾರದು? ಗ್ರ್ಯಾಂಡ್ ಅಲೈಸ್ ಅಂತ ಕರೆಯುತ್ತಿದ್ದ ಗಣಿ ಮಾಲೀಕರ ಕೂಟದ್ದು. ಲಿಡ್ಡೆಲ್, ಮಾಂಟೇಗು, ಬೌಸ್ ಮನೆತನಗಳು ಕೈಜೋಡಿಸಿದ್ದವು. ಹಳಿ ಹಾಕಬೇಕಾದರೆ ದಾರಿಯಲ್ಲಿ ಬರುವ ಪ್ರತಿಯೊಬ್ಬ ಜಮೀನುದಾರನಿಗೂ ಬಾಡಿಗೆ ಕೊಡಬೇಕಿತ್ತು. ಅದಕ್ಕೆ ವೇಲೀವ್ ಅಂತ ಹೆಸರು. ಯಾರ ಕೈಯಲ್ಲಿ ದಾರಿಯ ಹಕ್ಕು ಇದೆಯೋ ಅವರ ಕೈಯಲ್ಲೇ ವ್ಯಾಪಾರ. ಈ ಮಾಲೀಕರು ಅದನ್ನು ಚೆನ್ನಾಗಿ ಅರಿತಿದ್ದರು, ಅದಕ್ಕೇ ಒಂದು ಸೇತುವೆಗೆ 12,000 ಪೌಂಡ್ ಸುರಿಯಲು ಹಿಂದೆಮುಂದೆ ನೋಡಲಿಲ್ಲ.

ಸರಿ, ಯಾವಾಗ ಹೋಗಬೇಕು? ನನ್ನ ಕೇಳಿದರೆ ಮಾರ್ಚ್ ಕೊನೆ ಅಥವಾ ನವೆಂಬರ್ ಮೊದಲ ವಾರ. ಬೇಸಿಗೆಯಲ್ಲಿ ಕಾಡು ಹಸಿರಾಗಿ ಚೆನ್ನಾಗಿರುತ್ತದೆ ನಿಜ, ಆದರೆ ಎಲೆಗಳು ಕಮಾನನ್ನು ಅರ್ಧ ಮುಚ್ಚಿಬಿಡುತ್ತವೆ. ಎಲೆ ಉದುರಿದ ಮೇಲೆ, ಅಥವಾ ಚಿಗುರುವ ಮೊದಲು ಹೋದರೆ ಕಮಾನು ಒಂದು ದಡದಿಂದ ಇನ್ನೊಂದು ದಡದವರೆಗೆ ಪೂರ್ತಿ ಕಾಣುತ್ತದೆ. ಡಿಸೆಂಬರ್‌ನಲ್ಲಿ ಹೋಗುವುದಾದರೆ ಬೆಳಿಗ್ಗೆಯೇ ಹೊರಡಿ. ಇಲ್ಲಿ ಆಗ ಮಧ್ಯಾಹ್ನ 3.40ರ ಸುಮಾರಿಗೆಲ್ಲ ಸೂರ್ಯ ಮುಳುಗುತ್ತಾನೆ, ಕೊರಕಲಿನಲ್ಲಿ ಅದಕ್ಕೂ ಮೊದಲೇ ಕತ್ತಲು. ಮಳೆ ಬಂದ ಮಾರನೇ ದಿನ ಹಳ್ಳದಲ್ಲಿ ನೀರು ತುಂಬಿ ಹರಿಯುತ್ತದೆ, ಶಬ್ದ ಕಮಾನಿನ ಒಳಗೆ ಸುತ್ತುತ್ತದೆ, ಕೇಳಲು ಬಲು ಚಂದ. ಆದರೆ ದಾರಿ ಜಾರುತ್ತದೆ. ಅಡಿ ನುಣ್ಣಗಿರುವ ಶೂ ಬೇಡವೇ ಬೇಡ. ಹಿಡಿತ ಇರುವ ಶೂ ಹಾಕಿಕೊಳ್ಳಿ, ಕೆಸರಾದರೂ ಪರವಾಗಿಲ್ಲ ಅನ್ನುವ ಪ್ಯಾಂಟ್ ಹಾಕಿಕೊಳ್ಳಿ.

ದಾರಿ ಹೀಗಿದೆ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ನ್ಯೂಕ್ಯಾಸಲ್‌ಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ನ್ಯೂಕ್ಯಾಸಲ್‌ನಿಂದ ಸ್ಟ್ಯಾನ್ಲಿ ಊರಿನ ಕಡೆ ಹೋಗುವ ಬಸ್ಸುಗಳಿವೆ. ಎಲ್ಲಾ ಬಸ್ಸೂ ಒಂದೇ ರಸ್ತೆಯಲ್ಲಿ ಹೋಗುವುದಿಲ್ಲ, ಹಾಗಾಗಿ ಹತ್ತುವ ಮೊದಲು ಡ್ರೈವರ್‌ನ ಹತ್ತಿರ ಕಾಸಿ ಆರ್ಚ್‌ಗೆ ಹತ್ತಿರ ಎಲ್ಲಿ ಇಳಿಯಬೇಕು ಅಂತ ಕೇಳಿಕೊಳ್ಳಿ, ಈ ಕಡೆಯ ಡ್ರೈವರ್‌ಗಳು ಸಮಾಧಾನವಾಗಿ ಹೇಳುತ್ತಾರೆ. ಕಾರಿದ್ದರೆ ಸನ್ನಿಸೈಡ್‌ನಿಂದ ಸ್ಟ್ಯಾನ್ಲಿಗೆ ಹೋಗುವ ಎ6076 ರಸ್ತೆ ಹಿಡಿಯಿರಿ. ಕಾಸಿ ಆರ್ಚ್ ಅಂತ ಬೋರ್ಡ್ ಇದೆ, ಕಾರು ನಿಲ್ಲಿಸಲು ಜಾಗ ಇದೆ, ಕೂತು ಊಟ ಮಾಡಲು ಬೆಂಚುಗಳಿವೆ. ಟ್ಯಾನ್‌ಫೀಲ್ಡ್ ರೈಲ್ವೆಯ ಉಗಿ ರೈಲಿನಲ್ಲೂ ಬರಬಹುದು, ಅದರ ವಿಷಯ ಆಮೇಲೆ ಹೇಳುತ್ತೇನೆ.

ಇಳಿದ ತಕ್ಷಣ ಕಾಲು ತಾನಾಗಿ ಸೇತುವೆಯ ಮೇಲಕ್ಕೆ ಎಳೆಯುತ್ತದೆ. ಹೋಗಬೇಡಿ. ಕೆಳಗಿಳಿಯುವ ಕಾಲುದಾರಿ ಹುಡುಕಿ. ಮೆಟ್ಟಿಲುಗಳಿವೆ, ಹಳ್ಳ ದಾಟಲು ಚಿಕ್ಕ ಚಿಕ್ಕ ಮರದ ಸಂಕಗಳಿವೆ. ಹಳ್ಳಕ್ಕೆ ಇಲ್ಲಿಯವರು ಬರ್ನ್ ಅನ್ನುತ್ತಾರೆ. ನಮ್ಮ ಮಲೆನಾಡಿನ ಹಳ್ಳ ಹೇಗೋ ಹಾಗೆಯೇ, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕಲ್ಲುಗಳ ನಡುವೆ ನುಸುಳುತ್ತದೆ. ನೀರಿನ ಪಕ್ಕದಲ್ಲೇ ನಡೆಯುತ್ತಾ ಹೋಗಿ. ಒಂದು ತಿರುವಿನಲ್ಲಿ ತಲೆ ಎತ್ತಿದರೆ ಮರಗಳ ಮೇಲೆ ಅದು ನಿಂತಿರುತ್ತದೆ.

ಅಲ್ಲೇ ನಿಂತುಕೊಳ್ಳಿ. ಫೋನು ಜೇಬಿನಲ್ಲೇ ಇರಲಿ. ಮೊದಲು ಕಣ್ಣನ್ನು ಬುಡದಿಂದ ಶುರು ಮಾಡಿ: ಕಮಾನು ಎಲ್ಲಿಂದ ಹೊರಡುತ್ತದೆ, ಎರಡೂ ದಡದ ಬಂಡೆಗೆ ಹೇಗೆ ಬೆನ್ನು ಕೊಟ್ಟಿದೆ ನೋಡಿ. ಅಲ್ಲಿಂದ ಕಮಾನಿನ ಅಂಚು ಹಿಡಿದು ಒಂದೊಂದೇ ಕಲ್ಲು ದಾಟುತ್ತಾ ನೆತ್ತಿಯವರೆಗೆ ಕಣ್ಣು ಏರಿಸಿ, ಆಮೇಲೆ ಆ ಕಡೆ ಇಳಿಸಿ. ಹೀಗೆ ಮಾಡಿದಾಗ 31 ಮೀಟರ್ ಅನ್ನುವುದು ಬರೀ ಅಂಕಿಯಾಗಿ ಉಳಿಯುವುದಿಲ್ಲ. ಆ ಕಾಲಕ್ಕೆ ಇಡೀ ಇಂಗ್ಲೆಂಡಿನಲ್ಲಿ ಇಷ್ಟು ಅಗಲದ ಒಂಟಿ ಕಮಾನು ಇನ್ನೊಂದಿರಲಿಲ್ಲ. ಮುಂದೆ 30 ವರ್ಷ ಯಾರೂ ಇದನ್ನು ಮೀರಿಸಲಿಲ್ಲ, 1756ರಲ್ಲಿ ವೇಲ್ಸ್‌ನ ಪಾಂಟಿಪ್ರಿಡ್‌ನಲ್ಲಿ ಇದಕ್ಕಿಂತ ದೊಡ್ಡದು ಎದ್ದು ನಿಲ್ಲುವವರೆಗೆ.

ಈಗ ಕಮಾನಿನ ಹೊಟ್ಟೆಯ ಕೆಳಗೆ ಬನ್ನಿ. ಇದು ಹೇಗೆ ನಿಂತಿದೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ದೊಡ್ಡವರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಕೇಳಲು ಸಂಕೋಚ ಅಷ್ಟೇ. ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಮೈಯಲ್ಲೇ ಮಾಡಿ ತೋರಿಸಿ. ಇಬ್ಬರು ಎದುರುಬದುರು ನಿಲ್ಲಿ, ಒಂದು ಮಾರು ದೂರ ಇರಲಿ. ಅಂಗೈಗೆ ಅಂಗೈ ಒತ್ತಿ, ನಿಧಾನವಾಗಿ ಒಬ್ಬರ ಮೇಲೊಬ್ಬರು ಭಾರ ಬಿಡಿ. ಬೀಳುವುದಿಲ್ಲ, ಅಲ್ವಾ? ಇಬ್ಬರೂ ಬೀಳುತ್ತಲೇ ಇದ್ದೀರಿ, ಒಬ್ಬರ ಬೀಳುವಿಕೆಯನ್ನು ಇನ್ನೊಬ್ಬರು ತಡೆದಿದ್ದೀರಿ. ಕಮಾನಿನ ಒಂದೊಂದು ಕಲ್ಲೂ ಮಾಡುತ್ತಿರುವುದು ಅದನ್ನೇ. ಈಗ ಕಾಲನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಇಡಿ. ಒದ್ದೆ ನೆಲದಲ್ಲಿ ಪಾದ ಹಿಂದಕ್ಕೆ ಜಾರಲು ಶುರುವಾಗುತ್ತದೆ. ಮೂರನೆಯವರೊಬ್ಬರು ಬಂದು ನಿಮ್ಮ ಹಿಮ್ಮಡಿಗೆ ತಮ್ಮ ಪಾದ ಅಡ್ಡ ಇಟ್ಟರೆ ಜಾರುವುದು ನಿಲ್ಲುತ್ತದೆ. ಆ ಮೂರನೆಯವರೇ ಇಲ್ಲಿ ಕೊರಕಲಿನ ಬಂಡೆ. ಸೇತುವೆಯ ಭಾರವೆಲ್ಲ ಕಮಾನಿನಗುಂಟ ಇಳಿದು ಹೋಗಿ ಆ ಬಂಡೆಯನ್ನು ಪಕ್ಕಕ್ಕೆ ಒತ್ತುತ್ತಿದೆ, ಬಂಡೆ ಜಗ್ಗುತ್ತಿಲ್ಲ. ಹುಷಾರಾಗಿ ಮಾಡಿ, ನೀರಿನ ಅಂಚಿನಲ್ಲಿ ಬೇಡ. ಇದನ್ನು ಮಾಡಿದ ಮೇಲೆ ಮಕ್ಕಳು ಮುಂದೆ ಯಾವ ಕಮಾನು ನೋಡಿದರೂ ಅದರ ಬುಡವನ್ನೇ ಮೊದಲು ನೋಡುತ್ತಾರೆ. ನಾನು ಕರೆದುಕೊಂಡು ಹೋದವರೆಲ್ಲ ಹಾಗೆ ಮಾಡಿದ್ದನ್ನು ಕಂಡಿದ್ದೇನೆ.

ಇನ್ನೊಂದು ಪ್ರಶ್ನೆ ನೀವೇ ಕೇಳಿಕೊಳ್ಳಿ. ಕೊನೆಯ ಕಲ್ಲು ಕೂರುವವರೆಗೆ ಕಮಾನು ಕಮಾನೇ ಅಲ್ಲ. ನೆತ್ತಿಯ ಆ ನಡುಗಲ್ಲು ಬಿಗಿಯುವ ತನಕ ಎರಡೂ ಕಡೆಯ ಕಲ್ಲುಗಳನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಮನೆಗೆ ಮೋಲ್ಡ್ ಹಾಕುವಾಗ ಕೆಳಗೆ ಸೆಂಟ್ರಿಂಗ್ ಕಟ್ಟುತ್ತಾರಲ್ಲ, ಅದೇ. ನಮ್ಮ ಮೇಸ್ತ್ರಿಗಳ ಬಾಯಲ್ಲಿರುವ ಆ ಪದ ಹುಟ್ಟಿದ್ದೇ ಕಮಾನಿನ ಕೆಲಸದಿಂದ. ಇಡೀ ಕಮಾನಿನ ಆಕಾರದಲ್ಲಿ ಮರದ ಚೌಕಟ್ಟು ಕಟ್ಟಿ, ಅದರ ಮೇಲೆ ಎರಡೂ ದಡದಿಂದ ಕಲ್ಲು ಕೂರಿಸುತ್ತಾ ಬಂದು, ನಡುವೆ ಸೇರಿಸಿ, ಆಮೇಲೆ ಚೌಕಟ್ಟು ಇಳಿಸುವುದು. ನೀವು ನಿಂತಿರುವ ಈ ಖಾಲಿ ಜಾಗದಲ್ಲಿ ಆಗ ನೆಲದಿಂದ ನೆತ್ತಿಯವರೆಗೆ ಮರದ ಕಾಡೇ ನಿಂತಿತ್ತು ಅಂತ ಊಹಿಸಿಕೊಳ್ಳಿ. ಮರ ಬಿಚ್ಚುವ ದಿನ ಕಮಾನು ಮೊದಲ ಬಾರಿಗೆ ತನ್ನ ಭಾರವನ್ನು ತಾನೇ ಹೊರುತ್ತದೆ. ಮೋಲ್ಡಿನ ಸೆಂಟ್ರಿಂಗ್ ಬಿಚ್ಚುವ ದಿನ ಮನೆಯವರು ಅಂಗಳದಲ್ಲಿ ಉಸಿರು ಬಿಗಿಹಿಡಿದು ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಅದು 80 ಅಡಿ ಎತ್ತರದಲ್ಲಿ.

ಕಟ್ಟಿದವನ ಹೆಸರು ರಾಲ್ಫ್ ವುಡ್. ಕಲ್ಲು ಕೆಲಸದವನು. ಈ ಅಳತೆಯ ಕಮಾನು ಕಟ್ಟಿದ್ದನ್ನು ಕಣ್ಣಾರೆ ಕಂಡವರು ಆ ದೇಶದಲ್ಲಿ ಆಗ ಬಹಳ ಕಮ್ಮಿ, ಹಳೇ ರೋಮನ್ ಕಮಾನುಗಳ ಪದ್ಧತಿಯೇ ಗತಿ. ಅವನು ಇದಕ್ಕೆ ಮೊದಲು ಮರದಲ್ಲಿ ಕಟ್ಟಿದ್ದ ಸೇತುವೆ ಬಿದ್ದುಹೋಗಿತ್ತು ಅನ್ನುತ್ತಾರೆ. ಕಲ್ಲಿನದೂ ಬಿದ್ದೇ ಬೀಳುತ್ತದೆ ಅನ್ನುವ ಭಯ ಅವನನ್ನು ತಿಂದುಹಾಕಿತು, ಕೊನೆಗೆ ಇದರ ಮೇಲಿಂದಲೇ ಹಾರಿ ಪ್ರಾಣ ಬಿಟ್ಟ ಅಂತ ಊರಿನವರು ಕಥೆ ಹೇಳುತ್ತಾರೆ. ಕಥೆಯನ್ನು ಕಥೆಯಾಗಿಯೇ ಕೇಳಿ. ಅವನ ಗುರುತು ಬೇಕಿದ್ದರೆ ಇಲ್ಲಿರುವ ಸೂರ್ಯಗಡಿಯಾರವನ್ನು ಹುಡುಕಿ. ಅದರ ಮೇಲೆ ಅವನ ಹೆಸರು, ಮೇಸನ್ ಅನ್ನುವ ಪದ, 1727 ಅನ್ನುವ ಇಸವಿ ಇದೆ. ಹೆಸರಿನ ಹಿಂದೆ ಮುಂದೆ ಬಿರುದು ಇಲ್ಲ, ಕಲ್ಲುಕುಟಿಗ ಅಂತ ಮಾತ್ರ. ದುಡ್ಡು ಹಾಕಿದ ಮಾಲೀಕರ ಹೆಸರು ನೆನಪಿಟ್ಟುಕೊಳ್ಳಲು ನನಗೆ ಚೀಟಿ ಬೇಕು, ಇವನ ಹೆಸರು ಒಂದು ದಿನವೂ ಮರೆತಿಲ್ಲ.

ಕಲ್ಲುಗಳನ್ನು ಹತ್ತಿರದಿಂದ ನೋಡಿ, ಮುಟ್ಟಿಯೂ ನೋಡಿ, ಆದರೆ ಉಗುರಿನಲ್ಲಿ, ಕೀಲಿಯಲ್ಲಿ ಕೆರೆಯಬೇಡಿ. ಇದು ಮರಳುಗಲ್ಲು. ನಮ್ಮ ಕಡೆಯ ಗ್ರಾನೈಟ್ ಥರ ಅಲ್ಲ, ಮೆದು, ಸುಲಭವಾಗಿ ಸವೆಯುತ್ತದೆ. ಪಕ್ಕದಲ್ಲೇ ಕಲ್ಲಿನ ಹಳೇ ಕ್ವಾರಿ ಇದೆ, ಈಗ ಅಲ್ಲಿ ಬಂಡೆ ಹತ್ತುವವರು ಬರುತ್ತಾರೆ. ಸೇತುವೆಗೆ ಇಲ್ಲಿ ಮೊದಲನೇ ದರ್ಜೆಯ ಕಾನೂನು ರಕ್ಷಣೆ ಇದೆ, 1950ರಿಂದಲೇ. 1980ರ ದಶಕದಲ್ಲಿ ದುರಸ್ತಿ ಮಾಡಿ ಗಟ್ಟಿ ಮಾಡಿದ್ದಾರೆ. ಮೂರು ಶತಮಾನದ ಮಳೆ ಹಿಮ ತಿಂದ ಕಲ್ಲಿಗೆ ನಮ್ಮ ಹೆಸರು ಕೆತ್ತಿ ಇನ್ನೊಂದು ಗಾಯ ಮಾಡುವುದು ಬೇಡ, ದಯವಿಟ್ಟು.

ಈಗ ಮೇಲೆ ಹತ್ತಿ. ಇದೇ ಕಾಲುದಾರಿ ನನಗೆ ಮೊದಲ ಸಲ ಸಪ್ಪೆ ಅನ್ನಿಸಿತ್ತು. ಕೆಳಗಿನಿಂದ ಬಂದ ಮೇಲೆ ಹಾಗೆ ಅನ್ನಿಸುವುದಿಲ್ಲ, ಪಾದದಡಿ ಏನಿದೆ ಅಂತ ಮೈಗೇ ಗೊತ್ತಿರುತ್ತದೆ. ಇದರ ಮೇಲೆ ಎರಡು ದಾರಿ ಹಳಿ ಇತ್ತು. ಒಂದು ತುಂಬಿದ ಗಾಡಿ ನದಿ ಕಡೆ ಹೋಗಲು, ಅದಕ್ಕೆ ಮೇನ್ ವೇ ಅನ್ನುತ್ತಿದ್ದರು. ಇನ್ನೊಂದು ಖಾಲಿ ಗಾಡಿ ವಾಪಸ್ ಬರಲು, ಅದು ಬೈ ವೇ. ದಿನಕ್ಕೆ 900ಕ್ಕೂ ಹೆಚ್ಚು ಗಾಡಿ ದಾಟುತ್ತಿದ್ದವು. ಹನ್ನೆರಡು ಗಂಟೆಯ ದಿನ ಅಂತ ಹಿಡಿದು ನಾನೇ ಲೆಕ್ಕ ಹಾಕಿದೆ, 48 ಸೆಕೆಂಡಿಗೆ ಒಂದು ಗಾಡಿ. ಫೋನಿನಲ್ಲಿ ಟೈಮರ್ ಇಟ್ಟುಕೊಂಡು ಸೇತುವೆಯ ನಡುವೆ ಐದು ನಿಮಿಷ ನಿಂತು ನೋಡಿ. ಪ್ರತಿ 48 ಸೆಕೆಂಡಿಗೆ ಒಂದು ಕುದುರೆ, ಒಬ್ಬ ಮನುಷ್ಯ, ಒಂದು ಗಾಡಿ. ಈಗ ಹಕ್ಕಿ ಕೂಗು, ನೀರಿನ ಸದ್ದು ಬಿಟ್ಟರೆ ಏನೂ ಇಲ್ಲದ ಈ ಜಾಗ ಆಗ ನಮ್ಮ ಸಂತೆ ದಿನದ ರಸ್ತೆಯ ಹಾಗಿತ್ತು.

ಸೇತುವೆಯ ಬಳಿ ಹಳೇ ಕಲ್ಲಿದ್ದಲು ಗಾಡಿಯ ಮಾದರಿಯೊಂದನ್ನು ಮಾಡಿ ನಿಲ್ಲಿಸಿದ್ದಾರೆ, ಕೆಳಗೆ ಮರದ ಹಳಿಯೂ ಇದೆ. ಇಲ್ಲಿ ಹತ್ತು ನಿಮಿಷ ಕೊಡಿ. ಗಾಡಿಯ ಮೈ ಮೇಲೆ ಅಗಲ, ಕೆಳಗೆ ಕಿರಿದು, ಹಿಟ್ಟಿನ ಗಿರಣಿಯಲ್ಲಿ ಕಾಳು ಸುರಿಯುವ ಬಾಯಿ ಇರುತ್ತದಲ್ಲ, ಹಾಗೆಯೇ. ಕಾರಣವೂ ಅದೇ. ನದಿ ದಡಕ್ಕೆ ಹೋಗಿ ತಳದ ಬಾಗಿಲು ತೆಗೆದರೆ ಕಲ್ಲಿದ್ದಲು ತಾನಾಗಿ ಕೆಳಗೆ ಸುರಿಯಬೇಕು, ಗುದ್ದಲಿ ಹಿಡಿದು ಎಳೆಯುವ ಕೆಲಸ ಇರಬಾರದು. ಹಳಿಯ ಕಡೆ ಬಗ್ಗಿ ನೋಡಿ. ಆ ಕಾಲದ ದಾರಿಗಳಲ್ಲಿ ಹಳಿ ಎರಡು ಪದರ ಇರುತ್ತಿತ್ತು. ಸವೆಯುವುದು ಮೇಲಿನ ಪದರ, ಅದನ್ನು ಮಾತ್ರ ಕಿತ್ತು ಹೊಸದು ಹೊಡೆಯುತ್ತಿದ್ದರು. ಅಡ್ಡ ದಿಮ್ಮಿಗಳ ಮೇಲೆ ಮಣ್ಣು, ಚೂರುಕಲ್ಲು ತುಂಬಿ ಮುಚ್ಚುತ್ತಿದ್ದರು, ಇಲ್ಲದಿದ್ದರೆ ಕುದುರೆಯ ಲಾಳ ದಿಮ್ಮಿಯನ್ನು ತಿಂದುಬಿಡುತ್ತಿತ್ತು. ಚಕ್ರದ ಒಳ ಅಂಚಿನಲ್ಲಿ ಒಂದು ಏಣು ಇದೆ, ಹಳಿ ಬಿಟ್ಟು ಜಾರದಂತೆ ಹಿಡಿಯುವುದು ಅದೇ. ಬೆಂಗಳೂರು ಮೈಸೂರು ರೈಲಿನ ಚಕ್ರದಲ್ಲೂ ಇವತ್ತು ಇರುವುದು ಅದೇ ಏಣು.

ಬ್ರೇಕ್ ಅಂದರೆ ಒಂದು ಬಾಗಿದ ಮರದ ತೊಲೆ. ಒಂದು ತುದಿ ಚಕ್ರದ ಮೇಲೆ, ಇನ್ನೊಂದು ತುದಿಯ ಮೇಲೆ ಗಾಡಿಯವನೇ ಕೂರಬೇಕು. ಅವನ ಮೈಭಾರವೇ ಬ್ರೇಕು. ಇಳಿಜಾರು ಬಂದಾಗ ಕುದುರೆಯನ್ನು ಮುಂದಿನಿಂದ ಬಿಚ್ಚಿ ಗಾಡಿಯ ಹಿಂದೆ ಕಟ್ಟುತ್ತಿದ್ದರು, ಗಾಡಿ ತನ್ನ ಭಾರಕ್ಕೆ ಇಳಿಯುತ್ತಿತ್ತು. ಮಳೆಯಲ್ಲಿ ನೆಂದ ಮರದ ಚಕ್ರ, ನೆಂದ ಮರದ ತೊಲೆ, ಎರಡೂವರೆ ಟನ್ ಭಾರ, ಮೇಲೆ ಕೂತ ಒಬ್ಬ ಮನುಷ್ಯ. ಇದನ್ನು ಯೋಚಿಸಿದಾಗ ಆ ಕೆಲಸ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ ಬರುತ್ತದೆ. ಅವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ.

ಸೇತುವೆಯ ಒಳ್ಳೆಯ ದಿನಗಳು ಬಹಳ ಕಾಲ ಇರಲಿಲ್ಲ. 1739ರಲ್ಲಿ ಟ್ಯಾನ್‌ಫೀಲ್ಡ್ ಗಣಿ ಬೆಂಕಿಗೆ ಹಾಳಾಯಿತು, ಕಲ್ಲಿದ್ದಲು ಬರುವುದು ಕಮ್ಮಿಯಾಯಿತು, ಓಡಾಟವೂ ಇಳಿಯಿತು. ಭಾರದ ಕೆಲಸ ಬೇಗ ಬಿಟ್ಟಿದ್ದಕ್ಕೇ ಇದು ಇಷ್ಟು ಚೆನ್ನಾಗಿ ಉಳಿದಿದೆ ಅಂತ ನನಗನ್ನಿಸುತ್ತದೆ. ಆ ಮಣ್ಣಿನ ಏರಿಯ ಮೇಲೆ ಹೋಗುತ್ತಿದ್ದ ಪಕ್ಕದ ದಾರಿ ಮಾತ್ರ ಬದುಕಿಕೊಂಡಿತು. 19ನೇ ಶತಮಾನದಲ್ಲಿ ಕಬ್ಬಿಣದ ಹಳಿ ಬಂತು, ಆಮೇಲೆ ಎಂಜಿನ್ ಬಂತು, 1960ರ ದಶಕದವರೆಗೂ ಕಲ್ಲಿದ್ದಲು ಸಾಗಿತು. ಆಸಕ್ತಿ ಇದ್ದ ಸಾಮಾನ್ಯ ಜನ ಸೇರಿ ಅದರ ಒಂದು ಭಾಗಕ್ಕೆ ಮತ್ತೆ ಜೀವ ಕೊಟ್ಟರು. ಅದೇ ಈಗಿನ ಟ್ಯಾನ್‌ಫೀಲ್ಡ್ ರೈಲ್ವೆ. ಸನ್ನಿಸೈಡ್‌ನಿಂದ ಈಸ್ಟ್ ಟ್ಯಾನ್‌ಫೀಲ್ಡ್‌ವರೆಗೆ ಸುಮಾರು ಮೂರು ಮೈಲಿ, ನಡುವೆ ಕಾಸಿ ಸ್ಟೇಷನ್. ರೈಲು ಸೇತುವೆಯ ಮೇಲೆ ಹೋಗುವುದಿಲ್ಲ, ಸ್ಟೇಷನ್ನಿನಲ್ಲಿ ಇಳಿದು ನಡೆಯಬೇಕು. ಹೆಚ್ಚಾಗಿ ಭಾನುವಾರಗಳಲ್ಲಿ ಓಡುತ್ತದೆ, ಹೊರಡುವ ಮೊದಲು ಆ ವಾರದ ಟೈಮ್ ಟೇಬಲ್ ನೋಡಿಕೊಳ್ಳಿ. ಸಮಯ ಇದ್ದರೆ ಮಾರ್ಲಿ ಹಿಲ್‌ನ ಎಂಜಿನ್ ಶೆಡ್ ನೋಡಿ. 1854ರದ್ದು, ಒಳಗೆ ಎಣ್ಣೆ, ಮಸಿ, ಬಿಸಿ ಕಬ್ಬಿಣದ ವಾಸನೆ, ಇವತ್ತಿಗೂ ಅಲ್ಲಿ ಎಂಜಿನ್ ರಿಪೇರಿ ನಡೆಯುತ್ತದೆ.

ಬೆಂಗಳೂರಿನವರಿಗೆ ಒಂದು ಮಾತು. ಕಾಸಿ ಆರ್ಚ್ ಕಟ್ಟಿಸಿದ ಗ್ರ್ಯಾಂಡ್ ಅಲೈಸ್ ಕೂಟವೇ ಮುಂದೆ ಕಿಲ್ಲಿಂಗ್‌ವರ್ತ್ ಗಣಿಯ ಮಾಲೀಕರೂ ಆಗಿತ್ತು. ಆ ಗಣಿಯಲ್ಲಿ ಕೆಲಸಕ್ಕಿದ್ದವನು ಜಾರ್ಜ್ ಸ್ಟೀಫನ್ಸನ್. 1814ರಲ್ಲಿ ಅವನು ತನ್ನ ಮೊದಲ ಉಗಿ ಎಂಜಿನ್ ಮಾಡಿದ್ದು ಅಲ್ಲಿಯೇ, ಇದೇ ಮಾಲೀಕರ ದುಡ್ಡಿನಲ್ಲಿ. ಕುದುರೆ ಗಾಡಿಯ ಕಾಲದಿಂದ ಅಲ್ಲಿ ಎರಡು ಹಳಿಗಳ ನಡುವೆ ಇದ್ದ ಅಂತರ ಸುಮಾರು 4 ಅಡಿ 8 ಇಂಚು. ಅದನ್ನೇ ಅವನು ಮುಂದಿನ ರೈಲುಗಳಿಗೂ ತೆಗೆದುಕೊಂಡು ಹೋದ, ಅರ್ಧ ಇಂಚು ಸೇರಿ ಅದೇ ಸ್ಟ್ಯಾಂಡರ್ಡ್ ಗೇಜ್ ಆಯಿತು, ಅಂದರೆ 1435 ಮಿಲಿಮೀಟರ್. ನಮ್ಮ ಮೆಟ್ರೋ ಓಡುತ್ತಿರುವುದು ಇದೇ ಅಳತೆಯ ಹಳಿಯ ಮೇಲೆ. ಭಾರತೀಯ ರೈಲ್ವೆಯ ಬ್ರಾಡ್ ಗೇಜ್ ಬೇರೆ, 1676 ಮಿಲಿಮೀಟರ್. ಮುಂದಿನ ಸಲ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಕಾಯುವಾಗ ಹಳಿ ಕಡೆ ಒಮ್ಮೆ ನೋಡಿ, ಆ ಅಂತರ ಟೈನ್ ದಡದ ಕಲ್ಲಿದ್ದಲು ಗಾಡಿಗಳಿಂದ ಬಂದದ್ದು.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ: ಮಂಡಿನೋವು ಇದ್ದರೆ ಕೆಳಗಿಳಿಸುವ ಹಠ ಬೇಡ. ಮೇಲಿನ ದಾರಿ ಅದಕ್ಕೆ ಹೋಲಿಸಿದರೆ ಸುಲಭ, ಗಾಡಿಯ ಮಾದರಿಯನ್ನೂ ನೋಡಬಹುದು, ಬೆಂಚಿನ ಮೇಲೆ ಕೂರಿಸಿ ನೀವು ಇಳಿದು ಹೋಗಿ ಫೋಟೋ ತಂದು ತೋರಿಸಿ. ಚಿಕ್ಕ ಮಕ್ಕಳ ಕೈ ಬಿಡಬೇಡಿ, ಸೇತುವೆಯ ಗೋಡೆ ಹತ್ತಲು ಬಿಡಬೇಡಿ. ಊಟ ಕಟ್ಟಿಕೊಂಡೇ ಹೋಗಿ. ಪುಳಿಯೋಗರೆ ಸಾಕು, ತಣ್ಣಗಾದರೂ ಕೆಡುವುದಿಲ್ಲ, ಒಂದು ಫ್ಲಾಸ್ಕಿನಲ್ಲಿ ಕಾಫಿ ಇರಲಿ. ಎಲ್ಲಾ ಸೇರಿ ಎರಡರಿಂದ ಮೂರು ಗಂಟೆ ಇಟ್ಟುಕೊಳ್ಳಿ.

ಈ ರುಚಿ ಹತ್ತಿದವರು ಇನ್ನೊಂದು ದಿನ ಡಾರ್ಲಿಂಗ್ಟನ್‌ಗೆ ಹೋಗಿ, ನ್ಯೂಕ್ಯಾಸಲ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ಅಲ್ಲಿ ಸ್ಕರ್ನ್ ನದಿಗೆ ಇಗ್ನೇಷಿಯಸ್ ಬೊನೋಮಿ ಅನ್ನುವ ವಾಸ್ತುಶಿಲ್ಪಿ ಮಾಡಿದ ಕಲ್ಲಿನ ಸೇತುವೆ ಇದೆ, 1825ರದ್ದು. ಸ್ಟಾಕ್ಟನ್ ಡಾರ್ಲಿಂಗ್ಟನ್ ರೈಲ್ವೆಗಾಗಿ ಕಟ್ಟಿದ ಇದರ ಮೇಲೆ ಇವತ್ತಿಗೂ ರೈಲು ಓಡುತ್ತದೆ. ಹಳೇ ಐದು ಪೌಂಡ್ ನೋಟಿನಲ್ಲಿ ಸ್ಟೀಫನ್ಸನ್ ಜೊತೆ ಇದರ ಚಿತ್ರವೂ ಇತ್ತು. ಕಾಸಿ ನೋಡಿ ಆಮೇಲೆ ಇದನ್ನು ನೋಡಿದರೆ ನಡುವಿನ ನೂರು ವರ್ಷದಲ್ಲಿ ಏನು ಬದಲಾಯಿತು ಅಂತ ಕಣ್ಣಿಗೇ ಕಾಣುತ್ತದೆ. ಇಲ್ಲಿ ಎಲ್ಲವೂ ಗಾಡಿ ದಾಟಲಿ ಅನ್ನುವುದಕ್ಕಾಗಿ, ಅಲ್ಲಿ ನಾಲ್ಕು ಜನ ನೋಡಲಿ ಅನ್ನುವುದೂ ಸೇರಿಕೊಂಡಿದೆ. ನನಗೆ ಕಾಸಿಯೇ ಹೆಚ್ಚು ಇಷ್ಟ.

ಕಾಸಿಯಿಂದ ಹೊರಟ ದಿನ ಬೆಳಕು ಇನ್ನೂ ಇದ್ದರೆ ಸೀದಾ ಮನೆಗೆ ಹೋಗಬೇಡಿ. ಗೇಟ್ಸ್‌ಹೆಡ್‌ನ ಡನ್‌ಸ್ಟನ್ ಕಡೆ ತಿರುಗಿಸಿ. ಈ ಗಾಡಿಗಳೆಲ್ಲ ಕಲ್ಲಿದ್ದಲು ತಂದು ಸುರಿಯುತ್ತಿದ್ದದ್ದು ಅಲ್ಲಿಯ ಟೈನ್ ದಡದಲ್ಲಿ. ಈಗ ಅಲ್ಲಿ ನಿಂತಿರುವ ದೊಡ್ಡ ಮರದ ಕಟ್ಟೆ ಆ ಕಾಲದ್ದಲ್ಲ, 1893ರಲ್ಲಿ ಶುರುವಾದದ್ದು, ಆದರೆ ಕೆಲಸ ಅದೇ ಆಗಿತ್ತು: ಮೇಲಿನಿಂದ ಕಲ್ಲಿದ್ದಲು ಸುರಿಯುವುದು, ಕೆಳಗೆ ಹಡಗು ತುಂಬಿಕೊಳ್ಳುವುದು. ನೀರು ಇಳಿದ ಹೊತ್ತಿಗೆ ಹೋದರೆ ಕಟ್ಟೆಯ ಕಾಲುಗಳು ಕೆಸರಿನಿಂದ ಮೇಲೆದ್ದು ಸಾಲಾಗಿ ಕಾಣುತ್ತವೆ, ಸಂಜೆ ಬಿಸಿಲು ಅವುಗಳ ನಡುವೆ ಹಾಯುತ್ತದೆ. ಫ್ಲಾಸ್ಕಿನಲ್ಲಿ ಕೊನೆಯ ಕಾಫಿ ಉಳಿಸಿಕೊಂಡಿದ್ದರೆ ಅಲ್ಲಿ ಕುಡಿಯಿರಿ. ಅಲ್ಲಿಂದ ನ್ಯೂಕ್ಯಾಸಲ್‌ಗೆ ವಾಪಸ್ ಬಸ್ಸಿದೆ.